ಕ್ಲಿಯರ್ ಹೊಳಪು ದೊಡ್ಡ ನಾಜಲ್‌ನಿಂದ ಬರುವುದಿಲ್ಲ

ಸಂಪಾದಕರಿಗೆ,

ವಿಷಯ: ಕಾರಿನ ಕ್ಲಿಯರ್ ಕೋಟ್‌ಗೆ ಸ್ಪ್ರೇ ಗನ್ ನಾಜಲ್ ಅಳತೆ

ಮಾನ್ಯರೇ,

ಕಲಬುರಗಿಯ ಸೇಡಂ ರಸ್ತೆ, ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆಯ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜುಗಳಲ್ಲಿ ಕೆಲಸಕ್ಕೆ ಸೇರಿದ ಹುಡುಗರ ಕಿವಿಗೆ ಮೊದಲ ತಿಂಗಳಲ್ಲೇ ಬೀಳುವ ಮಾತೊಂದಿದೆ: “ಕ್ಲಿಯರ್ ದಪ್ಪ ಇರ್ತದ, ದೊಡ್ಡ ನಾಜಲ್ ಹಾಕು, ಕನ್ನಡಿ ಹಂಗ ಹೊಳೀತದ.” ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರವಾದ ಕ್ಲಿಯರ್ ಬಗ್ಗೆ ಈ ಮಾತು ತಪ್ಪು. ಇದರಿಂದ ಗಿರಾಕಿಯ ದುಡ್ಡೂ ಹೋಗುತ್ತಿದೆ, ಮಿಸ್ತ್ರಿಯ ರಟ್ಟೆಯೂ ಸವೆಯುತ್ತಿದೆ. ಪ್ರೈಮರ್ (ಬಣ್ಣಕ್ಕೂ ಮೊದಲಿನ ತಳಪದರ) ಹೊಡೆದ 1.8 ಮಿ.ಮೀ. ನಾಜಲ್ಲಿನ ಗನ್ನನ್ನೇ ತೊಳೆದು ಕ್ಲಿಯರ್ ಹೊಡೆಯುತ್ತಾರೆ. ಮೈ ಕಿತ್ತಳೆ ಸಿಪ್ಪೆಯಂತೆ ಎದ್ದು ನಿಲ್ಲುತ್ತದೆ. ಆಮೇಲೆ ಎರಡು ದಿನ ನೀರು ಪೇಪರ್ ಹಿಡಿದು ಉಜ್ಜುತ್ತಾರೆ, ಪಾಲಿಶ್ ಮಷಿನ್ ಓಡಿಸುತ್ತಾರೆ, ಕೊನೆಗೆ ಬಾನೆಟ್ಟಿನ ಅಂಚಿನಲ್ಲಿ ಕ್ಲಿಯರ್ ಸವೆದು ಒಳಗಿನ ಬಣ್ಣ ಬಯಲಾಗುತ್ತದೆ. ಬಣ್ಣ ಚೆನ್ನಾಗಿದ್ದೂ, ಕೈ ಪಳಗಿದ್ದೂ ಕೆಲಸ ಕೆಡುವುದು ಬಹಳ ಸಲ ಗನ್ನಿನ ಮುಂದಿನ ಆ ಸಣ್ಣ ತೂತಿನ ಲೆಕ್ಕ ತಪ್ಪಿದ್ದರಿಂದ. ಆ ಲೆಕ್ಕವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಗನ್ನಿನಲ್ಲಿ ನಾಜಲ್ ಎಂದರೆ ಬಣ್ಣ ಹೊರಬರುವ ತೂತು. ಅದರೊಳಗೆ ಕೂತು ತೆರೆದು ಮುಚ್ಚುವುದು ಸೂಜಿ. ಎರಡರ ಮುಂದೆ ಎರಡು ಕೊಂಬುಗಳಿರುವ ಏರ್ ಕ್ಯಾಪ್. ನಾಜಲ್ ಸುತ್ತಲಿನ ಉಂಗುರದಂಥ ಸಂದಿಯಿಂದ ಬರುವ ಗಾಳಿ ಬಣ್ಣದ ಧಾರೆಯನ್ನು ಒಡೆದು ಹನಿ ಮಾಡುತ್ತದೆ, ಕೊಂಬುಗಳ ಗಾಳಿ ಆ ಹನಿಗಳನ್ನು ಬೀಸಣಿಗೆಯಂತೆ ಅಗಲ ಮಾಡುತ್ತದೆ. ಕ್ಲಿಯರ್ ಹೊಳೆಯುವುದು ಸಣ್ಣ ಹನಿಗಳು ಒದ್ದೆಯಾಗಿಯೇ ಬಿದ್ದು, ಒಂದರೊಳಗೊಂದು ಕರಗಿ, ಸಮತಟ್ಟಾಗಿ ಹರಿದಾಗ. ಒಂದು ಏರ್ ಕ್ಯಾಪ್‌ನಿಂದ ಹೊರಡುವ ಗಾಳಿ ಇಂತಿಷ್ಟು ದ್ರವವನ್ನು ಮಾತ್ರ ಸಣ್ಣಗೆ ಒಡೆಯಬಲ್ಲದು. ಅದಕ್ಕಿಂತ ಹೆಚ್ಚು ಸುರಿದರೆ ಹನಿ ದಪ್ಪವಾಗುತ್ತದೆ. ದಪ್ಪ ಹನಿ ಬಿದ್ದಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ, ಇಲ್ಲವೇ ಬಾಗಿಲಿನ ಮೇಲೆ ಪರದೆಯಂತೆ ಕೆಳಗಿಳಿಯುತ್ತದೆ.

ಅಂಕಿ ನೋಡಿದರೆ 1.3ಕ್ಕೂ 1.8ಕ್ಕೂ ಅರ್ಧ ಮಿಲಿಮೀಟರ್ ಅಷ್ಟೇ ವ್ಯತ್ಯಾಸ ಅನ್ನಿಸುತ್ತದೆ. ಆದರೆ ದ್ರವ ಹರಿಯುವುದು ತೂತಿನ ವಿಸ್ತೀರ್ಣದಲ್ಲಿ, ಅದು ವ್ಯಾಸದ ವರ್ಗದಂತೆ ಬೆಳೆಯುತ್ತದೆ. 1.3 ಮಿ.ಮೀ. ತೂತಿನ ವಿಸ್ತೀರ್ಣ 1.33 ಚದರ ಮಿ.ಮೀ., 1.4ರದ್ದು 1.54, 1.8ರದ್ದು 2.54. ಅಂದರೆ 1.3ರಿಂದ 1.4ಕ್ಕೆ ಹೋದರೆ ತೂತು ನೂರಕ್ಕೆ 16ರಷ್ಟು ದೊಡ್ಡದಾಗುತ್ತದೆ, 1.8ಕ್ಕೆ ಹೋದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಗಾಳಿ ಅಷ್ಟೇ, ಬಣ್ಣ ಎರಡರಷ್ಟು. ಆದ್ದರಿಂದ ನಾಜಲ್ ಬದಲಿಸುವಾಗ 0.1ರ ಒಂದು ಹೆಜ್ಜೆಯೇ ದೊಡ್ಡದು ಎಂದು ತಿಳಿಯಬೇಕು.

“ದೊಡ್ಡ ನಾಜಲ್ ಇದ್ದರೇನು, ಹಿಂದಿನ ತಿರುಪು ಬಿಗಿ ಮಾಡಿ ಬಣ್ಣ ಕಡಿಮೆ ಮಾಡ್ತೀವಿ” ಎನ್ನುವವರಿದ್ದಾರೆ. ಈ ಉಪಾಯ ಕೆಲಸಕ್ಕೆ ಬಾರದು. ತಿರುಪು ಬಿಗಿದಾಗ ಸೂಜಿ ತೂತಿನೊಳಗೆ ಅರ್ಧ ಸಿಕ್ಕಿಕೊಂಡು ನಿಲ್ಲುತ್ತದೆ, ಬಣ್ಣ ಅದರ ಸುತ್ತಲಿನ ಸಣ್ಣ ಸಂದಿಯಿಂದ ನುಸುಳಬೇಕಾಗುತ್ತದೆ. ಸೂಜಿ ಕೂದಲೆಳೆಯಷ್ಟು ಆಚೀಚೆ ಇದ್ದರೂ ಒಂದು ಪಕ್ಕ ಹೆಚ್ಚು, ಒಂದು ಪಕ್ಕ ಕಡಿಮೆ. 1.8ರ ಜೊತೆ ಬಂದ ಏರ್ ಕ್ಯಾಪ್ ಕೂಡ ಪ್ರೈಮರ್‌ನಂಥ ದಪ್ಪ ಧಾರೆಗೆ ಮಾಡಿದ್ದು. ಸರಿಯಾದ ಅಳತೆಯ ನಾಜಲ್ ಹಾಕಿ, ತಿರುಪು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ತೆರೆದು, ಟ್ರಿಗರ್ ಕೊನೆತನಕ ಎಳೆದು ಹೊಡೆದಾಗಲೇ ಗನ್ ತನ್ನ ನಿಜವಾದ ಕೆಲಸ ಮಾಡುತ್ತದೆ. ತಿರುಪು ಅರ್ಧ ಮುಚ್ಚಿದರೆ ಮಾತ್ರ ಚೆನ್ನಾಗಿ ಬರುತ್ತದೆ ಎಂದಾದರೆ ನಾಜಲ್ ದೊಡ್ಡದಾಯಿತು ಎಂದೇ ಅರ್ಥ.

ಹಾಗಾದರೆ ಯಾವ ಅಳತೆ? ಮೇಲೆ ಬಟ್ಟಲಿರುವ ಗ್ರಾವಿಟಿ ಗನ್ನಿನಲ್ಲಿ ಇಂದು ಸಿಗುವ ಬಹುತೇಕ 2ಕೆ ಕ್ಲಿಯರ್‌ಗಳಿಗೆ (ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಹೊಡೆಯುವವು) 1.3 ಅಥವಾ 1.4. ಕ್ಲಿಯರ್ ಕೆಳಗಿನ ಬಣ್ಣದ ಪದರ, ಅಂದರೆ ಬೇಸ್ ಕೋಟ್‌ಗೆ 1.2ರಿಂದ 1.4ರೊಳಗೆ. ಪ್ರೈಮರ್ ಸರ್ಫೇಸರ್‌ಗೆ 1.6ರಿಂದ 1.8, ಗನ್ನಿನಿಂದ ಹೊಡೆಯುವ ಪಾಲಿಯೆಸ್ಟರ್ ಪುಟ್ಟಿಗೆ 2.0ರಿಂದ 2.5. ಬಂಪರ್ ಮೂಲೆ, ಕನ್ನಡಿಯ ಹಿಂಭಾಗ, ಸ್ಕೂಟರ್‌ನ ಪ್ಯಾನೆಲ್‌ಗೆ ಮಿನಿ ಗನ್ನಿನಲ್ಲಿ 1.0ರಿಂದ 1.2 ಸಾಕು. ಇವು ಸಾಮಾನ್ಯ ಅಳತೆಗಳು. ಕೊನೆಯ ಮಾತು ಕ್ಲಿಯರ್ ತಯಾರಿಸಿದ ಕಂಪನಿಯ ತಾಂತ್ರಿಕ ಹಾಳೆಯದು. ಅದರಲ್ಲಿ ನಾಜಲ್ ಅಳತೆ, ಒತ್ತಡ, ಮಿಶ್ರಣದ ಪಾಲು, ಕೋಟುಗಳ ನಡುವಿನ ಸಮಯ ಎಲ್ಲವೂ ಬರೆದಿರುತ್ತದೆ. ನಮ್ಮ ಕಡೆ ಡಬ್ಬಿ ಗ್ಯಾರೇಜಿಗೆ ಬರುತ್ತದೆ, ಹಾಳೆ ಬರುವುದಿಲ್ಲ.

1.3ಕ್ಕೂ 1.4ಕ್ಕೂ ನಡುವೆ ಆರಿಸುವಾಗ ಮೂರು ಸಂಗತಿ ನೋಡಿದರೆ ಸಾಕು. ಮೊದಲನೆಯದು ಕಲಸಿದ ಕ್ಲಿಯರ್‌ನ ಮಂದ, ಅಂದರೆ ದ್ರವ ಎಷ್ಟು ಗಟ್ಟಿ ಎಂಬುದು. ಮಂದ ಅಳೆಯುವ, ತಳದಲ್ಲಿ 4 ಮಿ.ಮೀ. ತೂತಿರುವ ಡಿನ್ ಕಪ್‌ನಲ್ಲಿ ತುಂಬಿ ಬಿಟ್ಟಾಗ ಧಾರೆ ಕಡಿಯುವುದಕ್ಕೆ 15-17 ಸೆಕೆಂಡ್ ಹಿಡಿದರೆ 1.3, 20ರ ಹತ್ತಿರ ಅಥವಾ ಮೇಲೆ ಹೋದರೆ 1.4. ಎರಡನೆಯದು ಹೊಡೆಯುವ ಜಾಗದ ಅಳತೆ. ಒಂದು ಬಾಗಿಲು, ಒಂದು ಫೆಂಡರ್ ಆದರೆ 1.3 ನಿಧಾನವಾಗಿ, ಹಿಡಿತದಲ್ಲಿ ಕೆಲಸ ಮಾಡಿಸುತ್ತದೆ. ಇಡೀ ಕಾರು, ಅದರಲ್ಲೂ ಅಗಲವಾದ ಛಾವಣಿ ಹೊಡೆಯುವಾಗ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಬಿಗಿಯಬಾರದು, ಅಲ್ಲಿ 1.4 ಅನುಕೂಲ. ಮೂರನೆಯದು ಗಾಳಿ. ಕಂಪ್ರೆಸರ್ ಸಣ್ಣದಾದರೆ ಬೇರೆ ಯೋಚನೆಯೇ ಬೇಡ, 1.3. ಒಂದೇ ಗನ್ನಿನಲ್ಲಿ ಬೇಸ್ ಮತ್ತು ಕ್ಲಿಯರ್ ಎರಡನ್ನೂ ಹೊಡೆಯಬೇಕಾದ ಸಣ್ಣ ಗ್ಯಾರೇಜಿಗೂ 1.3ನ್ನೇ ಹೇಳಬೇಕು. ದುಡ್ಡಿರುವುದು ಎರಡು ಗನ್ನಿಗೆ ಮಾತ್ರವಾದರೆ ಒಂದು 1.8 ಪ್ರೈಮರ್‌ಗೆ, ಇನ್ನೊಂದು 1.3 ಉಳಿದೆಲ್ಲಕ್ಕೆ. ಪ್ರೈಮರ್ ಗನ್ ಎಷ್ಟು ತೊಳೆದರೂ ಒಳಗೆ ಅಂಟಿಕೊಂಡ ಪುಡಿ ಥಿನ್ನರ್‌ಗೆ ಸಡಿಲವಾಗಿ ಕ್ಲಿಯರ್ ಮೇಲೆ ಬಂದು ಕೂರುತ್ತದೆ, ಇದೊಂದು ಕಾರಣಕ್ಕಾದರೂ ಅದು ಬೇರೆಯೇ ಇರಬೇಕು.

ಕೆಳಗೆ ಡಬ್ಬಿ ನೇತಾಡುವ ಹಳೆಯ ಸಕ್ಷನ್ ಗನ್ನಿನ ಲೆಕ್ಕ ಬೇರೆ. ಅದರಲ್ಲಿ ಗಾಳಿ ಬಣ್ಣವನ್ನು ಮೇಲಕ್ಕೆಳೆಯಬೇಕು, ಹಾಗಾಗಿ ಅದೇ ಕ್ಲಿಯರ್‌ಗೆ 1.5ರಿಂದ 1.8 ಬೇಕಾಗುತ್ತದೆ. ದೊಡ್ಡ ನಾಜಲ್ ಎಂಬ ಉಸ್ತಾದರ ಮಾತು ಹುಟ್ಟಿದ್ದು ಬಹುಶಃ ಆ ಗನ್ನುಗಳ ಕಾಲದಲ್ಲಿ. ಅಂದು ಅದು ಸರಿಯಾಗಿಯೇ ಇತ್ತು. ಗನ್ ಬದಲಾಯಿತು, ಮಾತು ಉಳಿಯಿತು.

ಇನ್ನು ಗಾಳಿಯ ವಿಷಯ. ನಾಜಲ್ ಸರಿಯಿದ್ದೂ ಮೈ ಒರಟಾದರೆ ಬಹಳ ಸಲ ಕೊರತೆ ಇಲ್ಲಿರುತ್ತದೆ, ದೂರು ಮಾತ್ರ ನಾಜಲ್ ಮೇಲೆ ಬೀಳುತ್ತದೆ. ಎಚ್‌ವಿಎಲ್‌ಪಿ ಗನ್ ಎಂದರೆ ಏರ್ ಕ್ಯಾಪ್ ಬಳಿ 10 ಪಿಎಸ್‌ಐ ಮೀರದ ಒತ್ತಡ, ಆದರೆ ಗಾಳಿಯ ಪ್ರಮಾಣ ಬಹಳ. ದೊಡ್ಡ ಗನ್ನಿಗೆ ನಿಮಿಷಕ್ಕೆ 10ರಿಂದ 15 ಘನ ಅಡಿ ಗಾಳಿ ನಿಲ್ಲದೆ ಬೇಕು. ಕಡಿಮೆ ಗಾಳಿಯ ಎಲ್‌ವಿಎಲ್‌ಪಿ ಗನ್ನುಗಳಿಗೆ 4ರಿಂದ 6 ಸಾಕಾಗುತ್ತದೆ. ನಮ್ಮ ಗ್ಯಾರೇಜುಗಳ 1 ಅಥವಾ 2 ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಪ್ರತಿ ಎಚ್‌ಪಿಗೆ ಅಂದಾಜು 3ರಿಂದ 4 ಘನ ಅಡಿ ಕೊಡುತ್ತದೆ. ಫಲಕದ ಮೇಲೆ ಬರೆದ ಅಂಕಿ ಹೆಚ್ಚಿರಬಹುದು, ಅದು ಬಹಳ ಸಲ ಪಿಸ್ಟನ್ ತಳ್ಳುವ ಪ್ರಮಾಣ, ಪೈಪಿಗೆ ಬರುವ ಗಾಳಿ ಅದರ ಮುಕ್ಕಾಲು ಪಾಲೂ ಇರುವುದಿಲ್ಲ.

ನಿಜವಾದ ಗಾಳಿಯನ್ನು ಗಡಿಯಾರ ಹಿಡಿದೇ ಅಳೆಯಬಹುದು. ಗನ್ ಬಿಚ್ಚಿ, ಟ್ಯಾಂಕಿನ ಮುಳ್ಳು 4 ಕೆ.ಜಿ.ಯಿಂದ 6 ಕೆ.ಜಿ.ಗೆ (ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಎಂಬ ಒತ್ತಡದ ಅಳತೆ) ಏರುವ ಸಮಯ ನೋಡಿ. 160 ಲೀಟರ್ ಟ್ಯಾಂಕು 80 ಸೆಕೆಂಡ್ ತೆಗೆದುಕೊಂಡಿತೆನ್ನಿ. 160ನ್ನು ಏರಿದ ಒತ್ತಡ 2ರಿಂದ ಗುಣಿಸಿದರೆ 320 ಲೀಟರ್ ಗಾಳಿ, ಅದು 80 ಸೆಕೆಂಡಿನಲ್ಲಿ ಬಂದಿದ್ದರೆ ನಿಮಿಷಕ್ಕೆ 240 ಲೀಟರ್. ಒಂದು ಘನ ಅಡಿಗೆ 28.3 ಲೀಟರಿನಂತೆ ಅದು ಸುಮಾರು 8.5 ಘನ ಅಡಿ. ಈ ಕಂಪ್ರೆಸರ್‌ಗೆ 15 ಘನ ಅಡಿ ಕುಡಿಯುವ ಗನ್ ಕೊಟ್ಟರೆ ಮೊದಲ ಎರಡು ಪಟ್ಟಿ ಚೆನ್ನಾಗಿ ಬಂದು, ಬಾನೆಟ್ಟಿನ ನಡುವಿನಿಂದಾಚೆ ಹನಿ ದಪ್ಪವಾಗುತ್ತಾ ಹೋಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿದರೆ ಮೋಟರ್ ಎಳೆಯುವುದಿಲ್ಲ, ಕೊರತೆ ಇನ್ನೂ ಹೆಚ್ಚು. ಇಂಥಲ್ಲಿ 1.3ರ ಎಲ್‌ವಿಎಲ್‌ಪಿ ಅಥವಾ ಕಡಿಮೆ ಗಾಳಿಯ ಸಾಮಾನ್ಯ ಗನ್ನೇ ಸರಿ. ಹೆಚ್ಚು ಬೆಲೆಯ ಎಚ್‌ವಿಎಲ್‌ಪಿ ತಂದು ಅರೆಹೊಟ್ಟೆಯಲ್ಲಿ ಓಡಿಸಿದರೆ ಅಗ್ಗದ ಗನ್ನಿಗಿಂತ ಕೆಟ್ಟ ಮೈ ಬರುತ್ತದೆ.

ಒತ್ತಡ ನೋಡುವ ಜಾಗವೂ ಮುಖ್ಯ. ಕಂಪ್ರೆಸರ್ ಬಳಿ ಮೂರು ಕೆ.ಜಿ. ಇಟ್ಟು, 6 ಮಿ.ಮೀ. ಒಳವ್ಯಾಸದ ಉದ್ದ ಪೈಪು ಎಳೆದರೆ ಗನ್ನಿನ ಬುಡಕ್ಕೆ ಬರುವಷ್ಟರಲ್ಲಿ ಅದರಲ್ಲಿ ದೊಡ್ಡ ಪಾಲು ಕರಗಿರುತ್ತದೆ. ಮೀಟರನ್ನು ಗನ್ನಿನ ಹಿಡಿಕೆಯ ಕೆಳಗೇ ಕೂರಿಸಬೇಕು, ಟ್ರಿಗರ್ ಎಳೆದು ಗಾಳಿ ಹರಿಯುತ್ತಿರುವಾಗ ಓದಬೇಕು. ಎಚ್‌ವಿಎಲ್‌ಪಿಗೆ ಅಲ್ಲಿ 2 ಕೆ.ಜಿ., ಅಂದರೆ 28-29 ಪಿಎಸ್‌ಐ. ಎಚ್‌ವಿಎಲ್‌ಪಿ ಅಲ್ಲದ ಹಳೆಯ ಮಾದರಿಯ ಗನ್ನಿಗೆ 3ರಿಂದ 3.5. ಪೈಪು 8 ಮಿ.ಮೀ.ಗಿಂತ ಸಣ್ಣದು ಬೇಡ, 10 ಇದ್ದರೆ ಇನ್ನೂ ಒಳ್ಳೆಯದು, ಉದ್ದ 10 ಮೀಟರ್ ದಾಟದಿರಲಿ. ಮಳೆಗಾಲದಲ್ಲಿ ಟ್ಯಾಂಕಿನ ನೀರು ದಿನಕ್ಕೆರಡು ಸಲ ಬಿಡಬೇಕು. 30 ಡಿಗ್ರಿಯ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 30 ಗ್ರಾಂ ನೀರಿರುತ್ತದೆ, ಒತ್ತಿದಾಗ ಅದರ ಬಹುಪಾಲು ಟ್ಯಾಂಕಿನಲ್ಲೂ ಪೈಪಿನಲ್ಲೂ ಹನಿಗಟ್ಟುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ಮಾಡಿಸುವುದು ಬಿಸಿಲು. ತಾಂತ್ರಿಕ ಹಾಳೆಗಳ ಅಂಕಿಗಳೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ ಬರೆದವು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ, ಹೊರಗೆ ನಿಲ್ಲಿಸಿದ ಕಾರಿನ ಛಾವಣಿ ಕೈ ಇಡಲಾಗದಷ್ಟು ಕಾದಿರುತ್ತದೆ. ಅಂಥ ಒಣ ಹವೆಯಲ್ಲಿ ಗನ್ನಿನಿಂದ ಹೊರಟ ಹನಿ ಒಂದು ಗೇಣು ದಾಟುವಷ್ಟರಲ್ಲೇ ಥಿನ್ನರ್ ಕಳೆದುಕೊಂಡು ಗಟ್ಟಿಯಾಗಿ ಬೀಳುತ್ತದೆ, ಹರಿಯುವುದಿಲ್ಲ. ಮುಟ್ಟಿದರೆ ಮರಳು ಕಾಗದದಂತೆ. ಆಗ ಮಿಸ್ತ್ರಿ ಮಾಡುವುದು ಎರಡರಲ್ಲಿ ಒಂದು: ನಾಜಲ್ ದೊಡ್ಡದು ಮಾಡುವುದು ಅಥವಾ ಥಿನ್ನರ್ ಸುರಿಯುವುದು. ಎರಡರಿಂದಲೂ ಮೈ ಒದ್ದೆ ಕಾಣುವುದು ನಿಜ. ಆದರೆ ದಪ್ಪ ಪದರದ ಮೇಲ್ಮೈ ಬಿಸಿಗೆ ಬೇಗ ಕೆನೆಗಟ್ಟಿ, ಒಳಗೆ ಸಿಕ್ಕ ದ್ರಾವಕ ಹೊರಬರಲು ದಾರಿಯಿಲ್ಲದೆ ಆ ಕೆನೆಯನ್ನು ಚುಚ್ಚಿಕೊಂಡು ಬರುತ್ತದೆ. ಸೂಜಿ ಮೊನೆಯಂಥ ಸಾವಿರಾರು ಗುಳ್ಳೆ. ಇದನ್ನು ಪಾಲಿಶ್‌ನಿಂದ ಸರಿಮಾಡಲಾಗದು, ಪೂರ್ತಿ ಉಜ್ಜಿ ಮತ್ತೆ ಹೊಡೆಯಬೇಕು. ಗುಳ್ಳೆ ಬಾರದಿದ್ದರೂ ಒಂದೆರಡು ವಾರದಲ್ಲಿ ಹೊಳಪು ಒಳಗಿಳಿದು ಮಂಕಾಗುತ್ತದೆ.

ಬೇಸಿಗೆಗೆ ಉತ್ತರ ಹಾರ್ಡ್ನರ್ ಮತ್ತು ಥಿನ್ನರ್‌ನಲ್ಲಿದೆ. ಒಳ್ಳೆಯ ಕಂಪನಿಗಳೆಲ್ಲ ಫಾಸ್ಟ್, ನಾರ್ಮಲ್, ಸ್ಲೋ ಎಂದು ಮೂರು ಬಗೆ ಕೊಡುತ್ತವೆ. 30 ಡಿಗ್ರಿ ದಾಟಿದ ಮೇಲೆ ಸ್ಲೋ ಹಾರ್ಡ್ನರ್, ಸ್ಲೋ ಥಿನ್ನರ್ ಬಳಸಬೇಕು. ಹೊಡೆಯುವ ಹೊತ್ತು ಬೆಳಗಿನ ಐದೂವರೆಯಿಂದ ಎಂಟರೊಳಗೆ. ಹಿಂದಿನ ಸಂಜೆಯೇ ಕಾರನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿ, ತಗಡು ರಾತ್ರಿಯಿಡೀ ತಣಿಯಲು ಬಿಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಣಗಿ ಬೀಳುತ್ತಿದ್ದರೆ ಮಾತ್ರ 1.3ರಿಂದ 1.4ಕ್ಕೆ ಒಂದು ಹೆಜ್ಜೆ, ಅದರಾಚೆಗೆ ಬೇಡ. ಬೆಳಗಿನ ಜಾವದ ಕೆಲಸಕ್ಕೆ ಇನ್ನೊಂದು ಲಾಭವಿದೆ, ಗಾಳಿ ನಿಂತಿರುತ್ತದೆ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಪುಡಿ, ತೊಗರಿ ರಾಶಿಯ ದಿನಗಳ ಹೊಟ್ಟು ಇವೆಲ್ಲ ಒದ್ದೆ ಕ್ಲಿಯರ್ ಹುಡುಕಿಕೊಂಡೇ ಬರುತ್ತವೆ. ದೊಡ್ಡ ನಾಜಲ್‌ನ ದಪ್ಪ ಪದರ ಹೆಚ್ಚು ಹೊತ್ತು ಅಂಟಾಗಿರುವುದರಿಂದ ಧೂಳೂ ಹೆಚ್ಚು ಹಿಡಿಯುತ್ತದೆ. ಹೊಡೆಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಧೂಳು ಹಿಡಿಯುವ ಅಂಟು ಬಟ್ಟೆಯಾದ ಟ್ಯಾಕ್ ಬಟ್ಟೆಯಿಂದ ಕಾರಿನ ಮೈಯನ್ನು ಹಗುರಾಗಿ ಒರೆಸಬೇಕು.

ಥಿನ್ನರ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅಗ್ಗವೆಂದು ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣದ) ಥಿನ್ನರನ್ನು 2ಕೆ ಕ್ಲಿಯರ್‌ಗೆ ಸುರಿಯುವುದು ಇಲ್ಲಿ ತೀರಾ ಸಾಮಾನ್ಯ. ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೊಹಾಲ್ ಜಾತಿಯ ದ್ರಾವಕಗಳಿರುತ್ತವೆ. ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಕ್ಲಿಯರ್ ಜೊತೆ ಕೂಡುವ ಬದಲು ಈ ಆಲ್ಕೊಹಾಲ್ ಜೊತೆ ಕೂಡಿ ಮುಗಿದುಹೋಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಉಗುರು ಒತ್ತಿದರೆ ಗುರುತು ಬೀಳುವ ಮೆತ್ತನೆಯ ಪದರ ಉಳಿಯುತ್ತದೆ, ಪೆಟ್ರೋಲ್ ಹನಿ ಬಿದ್ದರೆ ಕಲೆ. ಹಾಕಬೇಕಾದ್ದು ಪಿಯು (ಪಾಲಿಯುರೆಥೇನ್) ಥಿನ್ನರ್, ಅದೂ ಅದೇ ಕಂಪನಿಯದು, ಹಾಳೆಯಲ್ಲಿ ಹೇಳಿದಷ್ಟೇ. ಸಾಮಾನ್ಯವಾಗಿ ಎರಡು ಪಾಲು ಕ್ಲಿಯರ್, ಒಂದು ಪಾಲು ಹಾರ್ಡ್ನರ್, ಮೇಲೆ ನೂರಕ್ಕೆ 5ರಿಂದ 10 ಥಿನ್ನರ್. ಕೆಲವು ಕ್ಲಿಯರ್‌ಗಳು ನಾಲ್ಕಕ್ಕೆ ಒಂದು. ಕಣ್ಣಂದಾಜು ಬೇಡ, ಅಳತೆಯ ಬಟ್ಟಲು ಅಥವಾ ಕಡ್ಡಿ ಇಟ್ಟುಕೊಳ್ಳಬೇಕು. ಕಲಸಿದ್ದು ಹಾಳೆಯಲ್ಲಿ ಬರೆದಷ್ಟು ಹೊತ್ತು ನಮ್ಮ ಬಿಸಿಲಲ್ಲಿ ಬಾಳುವುದಿಲ್ಲ. ಉಷ್ಣ 10 ಡಿಗ್ರಿ ಏರಿದರೆ ಆಯುಸ್ಸು ಅಂದಾಜು ಅರ್ಧಕ್ಕಿಳಿಯುತ್ತದೆ. ಬಟ್ಟಲಲ್ಲೇ ದಪ್ಪವಾಗತೊಡಗಿದ ಕ್ಲಿಯರ್‌ಗೆ ಮತ್ತೆ ಥಿನ್ನರ್ ಹಾಕಿ ಎಬ್ಬಿಸುವುದು ಕೆಲಸ ಕೆಡಿಸಿಕೊಳ್ಳುವ ದಾರಿ. ಆದ್ದರಿಂದ ಬೇಕಾದಷ್ಟೇ ಕಲಸಿ.

ಎಷ್ಟು ಬೇಕು ಎನ್ನುವುದಕ್ಕೂ ಲೆಕ್ಕವಿದೆ. ಕಲಸಿದ ಒಂದು ಲೀಟರ್ ಕ್ಲಿಯರ್‌ನಲ್ಲಿ ಒಣಗಿ ಉಳಿಯುವ ಪಾಲು ನೂರಕ್ಕೆ 45 ಎಂದಿಟ್ಟುಕೊಳ್ಳಿ, ಅಂದರೆ 450 ಮಿ.ಲೀ. ಅದನ್ನು 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪಕ್ಕೆ ಹರಡಿದರೆ 9 ಚದರ ಮೀಟರ್. ಗನ್ನಿನಿಂದ ಹೊರಟಿದ್ದರಲ್ಲಿ ಕಾರಿಗೆ ಅಂಟುವುದು ನೂರಕ್ಕೆ 60 ಎಂದರೆ ಕೈಗೆ ಸಿಗುವುದು 5.4 ಚದರ ಮೀಟರ್. ಸಣ್ಣ ಕಾರಿನ ಬಾನೆಟ್ಟಿಗೆ ಎರಡು ಕೋಟ್ ಸೇರಿ 250-300 ಮಿ.ಲೀ. ಸಾಕು. ಅದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತಿದ್ದರೆ ನಾಜಲ್ ದೊಡ್ಡದಿದೆ, ಇಲ್ಲವೇ ಒತ್ತಡ ಹೆಚ್ಚಿದ್ದು ಕ್ಲಿಯರ್ ಮಂಜಾಗಿ ಹಾರಿಹೋಗುತ್ತಿದೆ. ಒಣಗಿದ ಕ್ಲಿಯರ್ 40ರಿಂದ 60 ಮೈಕ್ರಾನ್ ಇದ್ದರೆ ಸಾಕು, ತಲೆಗೂದಲಿಗಿಂತ ತೆಳು. ಆ ದಪ್ಪ ಎರಡು ಕೋಟ್‌ಗಳಿಂದ ಬರಬೇಕು. ಒಂದೇ ಸಲ ಸುರಿದು ತರುವ ದಪ್ಪ ಬಾಳುವುದಿಲ್ಲ.

ಹೊಸ ನಾಜಲ್ ಹಾಕಿದಾಗ ಕಾರಿಗೆ ಹೊಡೆಯುವ ಮೊದಲು ಗೋಡೆಗೆ ಮಾಸ್ಕಿಂಗ್ ಪೇಪರ್ ಅಂಟಿಸಿ ಪರೀಕ್ಷೆ ಮಾಡಬೇಕು. ಏರ್ ಕ್ಯಾಪನ್ನು ಕಾಲು ಸುತ್ತು ತಿರುಗಿಸಿ ಬೀಸಣಿಗೆ ಅಡ್ಡವಾಗಿ ಬೀಳುವಂತೆ ಮಾಡಿ, ಗನ್ ಅಲುಗಿಸದೆ ಹನಿ ಇಳಿಯುವವರೆಗೆ ಹೊಡೆಯಿರಿ. ಇಳಿದ ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಿದ್ದರೆ ನಾಜಲ್, ಗಾಳಿ, ಮಂದ ಮೂರೂ ಹೊಂದಿವೆ. ನಡುವಿನ ಗೆರೆಗಳು ಉದ್ದವಾಗಿ ತುದಿಯವು ಗಿಡ್ಡವಾದರೆ ಬಣ್ಣ ಹೆಚ್ಚು, ಗಾಳಿ ಕಡಿಮೆ: ಒತ್ತಡ ಸ್ವಲ್ಪ ಏರಿಸಿ, ಆಗದಿದ್ದರೆ ಒಂದು ಹೆಜ್ಜೆ ಸಣ್ಣ ನಾಜಲ್. ಎರಡು ತುದಿ ಉದ್ದವಾಗಿ ನಡು ಖಾಲಿಯಾದರೆ ಗಾಳಿ ಹೆಚ್ಚು, ಬಣ್ಣ ಸಾಲದು: ಒತ್ತಡ ಇಳಿಸಿ, ಆಗದಿದ್ದರೆ ಒಂದು ಹೆಜ್ಜೆ ದೊಡ್ಡದು. ಬೀಸಣಿಗೆ ಬಾಳೆಹಣ್ಣಿನಂತೆ ಬಾಗಿದ್ದರೆ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಬಾಗು ಈಗ ಆ ಕಡೆಗೆ ಹೋದರೆ ಕ್ಯಾಪಿನ ತೂತು ಕಟ್ಟಿದೆ, ಇದ್ದಲ್ಲೇ ಉಳಿದರೆ ಕೊಳೆ ನಾಜಲ್ ಮೇಲಿದೆ. ಎರಡು ನಿಮಿಷದ ಈ ಪರೀಕ್ಷೆಗೆ ಹೋಗುವುದು ಒಂದು ಹಿಡಿ ಕ್ಲಿಯರ್.

ಕಾರಿನ ಮೇಲೆ ಗನ್ ದೂರ ಎಚ್‌ವಿಎಲ್‌ಪಿಗೆ 15ರಿಂದ 20 ಸೆಂ.ಮೀ., ಹಳೆಯ ಮಾದರಿಗೆ 20ರಿಂದ 25. ಕೈ ಬಿಲ್ಲಿನಂತೆ ಬಾಗಬಾರದು, ತಗಡಿಗೆ ಸಮವಾಗಿ ಸಾಗಬೇಕು. ಹಿಂದಿನ ಪಟ್ಟಿಯ ಅರ್ಧದಿಂದ ಮುಕ್ಕಾಲು ಭಾಗದ ಮೇಲೆ ಮುಂದಿನ ಪಟ್ಟಿ ಬೀಳಬೇಕು. ಎರಡನೆಯ ಕೋಟ್ ಯಾವಾಗ ಎಂದು ತಿಳಿಯಲು ಮಾಸ್ಕಿಂಗ್ ಟೇಪ್ ಮೇಲೆ ಬಿದ್ದ ಕ್ಲಿಯರನ್ನು ಬೆರಳಿನಿಂದ ಮುಟ್ಟಿ. ಎಳೆ ಬಂದರೆ ಇನ್ನೂ ಕಾಯಬೇಕು, ಅಂಟಿಯೂ ಎಳೆ ಬಾರದಿದ್ದರೆ ಹೊತ್ತಾಯಿತು.

ನಾಜಲ್ ಕೊಳ್ಳುವಾಗ ಒಂಟಿಯಾಗಿ ಕೊಳ್ಳಬಾರದು. ನಾಜಲ್, ಸೂಜಿ, ಏರ್ ಕ್ಯಾಪ್ ಒಂದಕ್ಕೊಂದು ಹೊಂದುವಂತೆ ಮಾಡಿದ ಜೋಡಿ. ಹಳೆಯ ಸೂಜಿಗೆ ಹೊಸ ನಾಜಲ್ ಹಾಕಿದರೆ ಸರಿಯಾಗಿ ಕೂರದೆ ಟ್ರಿಗರ್ ಬಿಟ್ಟ ಮೇಲೂ ತೊಟ್ಟಿಕ್ಕುತ್ತದೆ, ಆ ಹನಿ ಬೀಳುವುದು ಹೊಸ ಕ್ಲಿಯರ್ ಮೇಲೆಯೇ. ಒಳ್ಳೆಯ ತಯಾರಕರು ನಾಜಲ್ ಮೇಲೂ ಸೂಜಿಯ ಮೇಲೂ ಅಳತೆ ಕೆತ್ತಿರುತ್ತಾರೆ. ಅಂಕಿಯಿಲ್ಲದ ಅಗ್ಗದ ಗನ್ ಆದರೆ 1.3 ಮಿ.ಮೀ. ಡ್ರಿಲ್ ಬಿಟ್‌ನ ನಯವಾದ ಹಿಂಭಾಗವನ್ನು ಹಗುರಾಗಿ ಇಟ್ಟು ನೋಡಬಹುದು, ಒತ್ತಿ ತುರುಕಬೇಡಿ. 1.4 ಎಂದು ಮಾರಿದ್ದು 1.6 ಇರುವುದುಂಟು. ಸೂಜಿಯ ತುದಿಯಲ್ಲಿ ಉಂಗುರದಂತೆ ಗೀರು ಬಿದ್ದಿದ್ದರೆ, ನಾಜಲ್ ಬಾಯಿ ಮೊಟ್ಟೆಯಂತೆ ಸವೆದಿದ್ದರೆ ಜೋಡಿಯನ್ನೇ ಬದಲಿಸಬೇಕು. ಸವೆತ ಬೇಗ ಬರುವುದು ತೊಳೆಯುವ ರೀತಿಯಿಂದ. ಕಬ್ಬಿಣದ ತಂತಿ, ಗುಂಡುಸೂಜಿ ಹಾಕಿ ಚುಚ್ಚಿದರೆ ತೂತು ಹಾಳು. ನೈಲಾನ್ ಬ್ರಷ್, ಇಲ್ಲವೇ ಸಣ್ಣಗೆ ಸೀಳಿದ ಬಿದಿರು ಕಡ್ಡಿ ಸಾಕು. ಬಿಚ್ಚುವಾಗ ಮೊದಲು ಸೂಜಿ, ಆಮೇಲೆ ನಾಜಲ್. ಕೂರಿಸುವಾಗ ಮೊದಲು ನಾಜಲ್. ಇಡೀ ಗನ್ನನ್ನು ಥಿನ್ನರ್ ಡಬ್ಬಿಯಲ್ಲಿ ಮುಳುಗಿಸಿಟ್ಟರೆ ಒಳಗಿನ ಸೀಲುಗಳು ಉಬ್ಬಿ ಗಾಳಿ ಸೋರುತ್ತದೆ. 2ಕೆ ಕ್ಲಿಯರ್ ಒಳಗೇ ಗಟ್ಟಿಯಾದರೆ ಯಾವ ಥಿನ್ನರ್‌ಗೂ ಕರಗದು, ಆದ್ದರಿಂದ ಕೊನೆಯ ಕೋಟ್ ಮುಗಿದ ಕೂಡಲೇ ತೊಳೆಯಿರಿ, ಚಹಾ ಆಮೇಲೆ.

ದೊಡ್ಡ ನಾಜಲ್‌ನ ಧಾರೆ ಒಡೆಯಲೆಂದು ಒತ್ತಡ ಏರಿಸಿದಷ್ಟೂ ಶೆಡ್ಡಿನ ತುಂಬ ಮಂಜು ಏಳುತ್ತದೆ. ಆ ಮಂಜಿನಲ್ಲಿ ಹಾರ್ಡ್ನರ್‌ನ ಐಸೊಸಯನೇಟ್ ಇರುತ್ತದೆ. ಅದು ಉಬ್ಬಸ ತರುತ್ತದೆ, ಒಮ್ಮೆ ಮೈ ಅದಕ್ಕೆ ಸೂಕ್ಷ್ಮವಾಯಿತೆಂದರೆ ಮುಂದೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಅದರ ವಾಸನೆ ಮೂಗಿಗೆ ಗೊತ್ತಾಗುವಷ್ಟರಲ್ಲಿ ಮಿತಿ ಮೀರಿರುತ್ತದೆ. ನಮ್ಮ ಹುಡುಗರು ಕಟ್ಟಿಕೊಳ್ಳುವ ಕರ್ಚೀಫು, ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಮತ್ತು ಅದರ ಮುಂದೆ ಧೂಳಿನ ಫಿಲ್ಟರ್ ಎರಡೂ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮಾಸ್ಕ್ ಕನಿಷ್ಠ ಅಗತ್ಯ. ಹೊರಗಿನಿಂದ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಆದರೆ ಇನ್ನೂ ಉತ್ತಮ. ಕೈಗವಸು, ಕನ್ನಡಕವೂ ಬೇಕು. ಇದನ್ನು ಕೊಡಿಸುವುದು ಮಾಲೀಕರ ಹೊಣೆ. ಹದಿನೇಳು-ಹದಿನೆಂಟರ ಹುಡುಗರು ಬರಿ ಮೂಗಿನಲ್ಲಿ ದಿನಕ್ಕೆ ಎರಡು ಕಾರಿನ ಕ್ಲಿಯರ್ ಹೊಡೆಯುವುದು ನೋಡಿದರೆ ಸಂಕಟವಾಗುತ್ತದೆ.

ಕೆಲವು ಬೇಡಿಕೆಗಳು. ಕ್ಲಿಯರ್ ಮಾರುವ ಪೇಂಟ್ ಅಂಗಡಿಯವರು ಪ್ರತಿ ಡಬ್ಬಿಯ ಜೊತೆ ತಾಂತ್ರಿಕ ಹಾಳೆ ಕೊಡಲಿ. ಅದರ ನಾಲ್ಕು ಮುಖ್ಯ ಸಾಲು, ಅಂದರೆ ಪಾಲು, ನಾಜಲ್, ಒತ್ತಡ, ಕಾಯುವ ಸಮಯ ಇವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಅಂಗಡಿಯ ಗೋಡೆಗೆ ಅಂಟಿಸಲಿ. ಮಾರ್ಚ್ ಬಂದ ಕೂಡಲೇ ಸ್ಲೋ ಹಾರ್ಡ್ನರ್ ತರಿಸಿಡಲಿ. “ಇಲ್ಲಿ ಯಾರೂ ಕೇಳಲ್ಲ” ಎಂಬ ಉತ್ತರದಿಂದಲೇ ಅರ್ಧ ಕೆಲಸ ಕೆಡುತ್ತಿದೆ. ಐಟಿಐಗಳ ವೃತ್ತಿಗಳಲ್ಲಿ ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್ ಎಂಬುದಿದೆ. ಕಲ್ಯಾಣ ಕರ್ನಾಟಕದ ಹೆಚ್ಚಿನ ಐಟಿಐಗಳಲ್ಲಿ ಅದನ್ನು ನಡೆಸಿ, ಗ್ಯಾರೇಜಿನಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆ ಒಂದು ವಾರದ ಸಂಜೆ ತರಗತಿಯನ್ನೂ ಇಟ್ಟರೆ ಬಹಳ ಉಪಕಾರ. ಮಂದ ಅಳೆಯುವ ಕಪ್, ಗನ್ನಿನ ಬುಡದ ಮೀಟರ್, ಮಾಸ್ಕಿಂಗ್ ಪೇಪರ್ ಇಷ್ಟಿದ್ದರೆ ಆ ತರಗತಿ ನಡೆಯುತ್ತದೆ.

ಕಾರಿನ ಮಾಲೀಕರಿಗೂ ಒಂದು ಮಾತು. ಸಂಜೆಯೊಳಗೆ ಗಾಡಿ ಬೇಕೆಂದು ಪಟ್ಟು ಹಿಡಿಯಬೇಡಿ, ಆ ಅವಸರಕ್ಕೆ ಮಿಸ್ತ್ರಿ ಒಂದೇ ದಪ್ಪ ಕೋಟ್ ಸುರಿದು ಮುಗಿಸುತ್ತಾನೆ. ಗಾಡಿ ತೆಗೆದುಕೊಳ್ಳುವಾಗ ಶೆಡ್ಡಿನ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಹೊಸ ಬಣ್ಣದಲ್ಲಿ ನೋಡಿ. ಅದರ ಅಂಚು ದಾರ ಎಳೆದಂತೆ ನೇರವಾಗಿದ್ದರೆ ಕ್ಲಿಯರ್ ಚೆನ್ನಾಗಿ ಹರಿದಿದೆ. ಅಂಚು ನಡುಗಿದಂತೆ ಕಂಡರೆ ಹನಿ ದಪ್ಪ ಬಿದ್ದಿದೆ. ಹಾಗೆ ಕಂಡಾಗ ಜಗಳಕ್ಕೆ ನಿಲ್ಲುವ ಮೊದಲು, ಕ್ಲಿಯರ್ ಹೊಡೆದ ಗನ್ನಿನ ನಾಜಲ್ ಮೇಲೆ ಯಾವ ಅಂಕಿ ಇದೆ ಎಂದು ಕೇಳಿ.

ತಮ್ಮ ವಿಶ್ವಾಸಿಗಳು,
ವಾಹನ ಬಣ್ಣದ ಕೆಲಸ ಬಲ್ಲ ಕೆಲವರು
ಕಲಬುರಗಿ